ಹೊಂಗೆ ತೋಪಿನ ಜಾಗದಲ್ಲಿ ಪಾರ್ಕಿಂಗ್ ಕಟ್ಟಡ: ಅದಕ್ಕೂ ಮೊದಲು ಎಣಿಸಬೇಕಾದದ್ದು ಏನು?

ಪ್ರಶ್ನೆ: ನಾನು ಮೈಸೂರಿನ ಪಶ್ಚಿಮ ಭಾಗದ ವಿಶ್ವವಿದ್ಯಾಲಯ ಕ್ಯಾಂಪಸ್ಸೊಂದರಲ್ಲಿ ಸಹಾಯಕ ಪ್ರಾಧ್ಯಾಪಕಿ. ಸುಮಾರು 5,000 ವಿದ್ಯಾರ್ಥಿಗಳು, 600 ಸಿಬ್ಬಂದಿ ಇದ್ದೇವೆ. ಸೆಕ್ಯುರಿಟಿಯವರ ಅಂದಾಜಿನಂತೆ ದಿನಕ್ಕೆ 300 ಕಾರು, 1,800 ಟೂ ವೀಲರ್ ಒಳಗೆ ಬರುತ್ತವೆ. ಬೆಳಗ್ಗೆ ಹತ್ತರ ನಂತರ ಬಂದವರಿಗೆ ಜಾಗ ಸಿಗುವುದಿಲ್ಲ. ಫುಟ್‌ಪಾತ್, ಮರದ ಬುಡ, ಹೊರಗಿನ ಬಡಾವಣೆಯ ರಸ್ತೆ, ಎಲ್ಲಿ ನೋಡಿದರೂ ಗಾಡಿ. ಈಗ ಒಂದು ಪಾರ್ಕಿಂಗ್ ಸಮಿತಿಯಾಗಿದೆ, ನಾನೂ ಸದಸ್ಯೆ. ನಮ್ಮ ಮುಂದೆ ಎರಡು ಪ್ರಸ್ತಾವಗಳಿವೆ: ಹಿಂಬದಿಯ ಹೊಂಗೆ ತೋಪು ತೆಗೆದು ಬಹುಮಹಡಿ ಪಾರ್ಕಿಂಗ್ ಕಟ್ಟುವುದು, ಇಲ್ಲವೇ ವಿದ್ಯಾರ್ಥಿಗಳ ಬೈಕ್ ನಿಷೇಧಿಸುವುದು. ಗೇಟಿನಿಂದ ವಿಭಾಗಗಳಿಗೆ ಬ್ಯಾಟರಿ ಗಾಡಿ ಓಡಿಸೋಣ ಎನ್ನುವವರೂ ಇದ್ದಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನೀವು ಕೊಟ್ಟ ಎರಡು ಅಂಕಿಗಳಿಂದಲೇ ಶುರು ಮಾಡೋಣ. ಕಾರೊಂದು ನಿಲ್ಲುವ ಚೌಕ 2.5 ಮೀಟರ್ ಅಗಲ, 5 ಮೀಟರ್ ಉದ್ದ. ಆದರೆ ಕಾರು ಮೇಲಿನಿಂದ ಇಳಿದು ಆ ಚೌಕದಲ್ಲಿ ಕೂರುವುದಿಲ್ಲವಲ್ಲ. ಒಳಗೆ ಬರುವ, ತಿರುಗುವ, ರಿವರ್ಸ್ ತೆಗೆಯುವ ದಾರಿಯೆಲ್ಲ ಸೇರಿ ಬಯಲು ಪಾರ್ಕಿಂಗಿನಲ್ಲಿ ಒಂದು ಕಾರಿಗೆ 23 ಚದರ ಮೀಟರ್ ಎಂದು ನಗರ ಯೋಜನೆಯಲ್ಲಿ ಹಿಡಿಯುತ್ತೇವೆ. ಮೈಸೂರಿನವರಿಗೆ ಸೈಟಿನ ಲೆಕ್ಕ ಬೇಗ ಅರ್ಥವಾಗುತ್ತದೆ: 30×40 ಸೈಟಿನಲ್ಲಿ ಐದು ಕಾರು ಕೂಡ ನೆಟ್ಟಗೆ ಹಿಡಿಸುವುದಿಲ್ಲ. ನಿಮ್ಮ 300 ಕಾರಿಗೆ 6,900 ಚದರ ಮೀಟರ್ ಬೇಕು, ಅಂದರೆ ಒಂದು ಎಕರೆ 28 ಗುಂಟೆ. ಟೂ ವೀಲರನ್ನು ನಮ್ಮ ಕಡೆ ನಿಲ್ಲಿಸುವ ಹಾಗೆ ಹ್ಯಾಂಡಲ್‌ಗೆ ಹ್ಯಾಂಡಲ್ ತಾಗಿಸಿ ನಿಲ್ಲಿಸಿದರೆ ಓಡಾಟದ ದಾರಿ ಸೇರಿ ಸುಮಾರು 3 ಚದರ ಮೀಟರ್ ಸಾಕು. 1,800 ಗಾಡಿಗೆ 5,400 ಚದರ ಮೀಟರ್.

ಅಂದರೆ ಮುನ್ನೂರು ಕಾರುಗಳು ಸಾವಿರದ ಎಂಟುನೂರು ಗಾಡಿಗಳಿಗಿಂತ ಹೆಚ್ಚು ನೆಲ ತಿನ್ನುತ್ತಿವೆ. ಕಾರಿನಲ್ಲಿ ಬರುವವರು ಬಹುತೇಕ ಒಬ್ಬೊಬ್ಬರೇ. ಬೈಕಿನಲ್ಲಿ ಎಷ್ಟೋ ಸಲ ಇಬ್ಬರು. ಹೀಗಿದ್ದೂ ಸಮಿತಿಯ ಮುಂದೆ ಬಂದಿರುವ ನಿಷೇಧ ಬೈಕಿನ ಮೇಲೆ. ಇದರ ಕಾರಣ ಹುಡುಕಲು ಸಮೀಕ್ಷೆ ಬೇಕಿಲ್ಲ, ಸಭೆಯ ದಿನ ಸದಸ್ಯರು ಯಾವ ಗಾಡಿಯಲ್ಲಿ ಬಂದರು ಎಂದು ನೋಡಿದರೆ ಸಾಕು. ನನ್ನ ಸಲಹೆಯ ತಿರುಳು ಇಷ್ಟೇ: ಮೊದಲು ಸಿಬ್ಬಂದಿಯ ಕಾರಿನ ವಿಷಯ ಇತ್ಯರ್ಥ ಮಾಡಿ, ಆಮೇಲೆ ವಿದ್ಯಾರ್ಥಿಗಳ ಬೈಕಿಗೆ ಕೈ ಹಾಕಿ. ಕಟ್ಟಡದ ಮಾತು ಕೊನೆಗೆ. ಆ ಹೊತ್ತಿಗೆ ಅದು ಬೇಕೆನಿಸುವುದೂ ಇಲ್ಲ ಎಂಬುದು ನನ್ನ ಅಂದಾಜು.

ಎಣಿಕೆಯಿಂದ ಶುರು ಮಾಡಿ. ಗೇಟಿನಲ್ಲಿ ಎಣಿಸಿದ್ದು ಸಾಲದು. 300 ಕಾರು ಒಳಗೆ ಬಂದವು ಎಂದ ಮಾತ್ರಕ್ಕೆ 300 ಕಾರು ಒಟ್ಟಿಗೆ ನಿಂತಿದ್ದವು ಎಂದಲ್ಲ. ಪರೀಕ್ಷಾ ವಿಭಾಗಕ್ಕೆ ಬಂದು ಹತ್ತು ನಿಮಿಷದಲ್ಲಿ ಹೊರಟವರು, ಗೇಟಿನಿಂದ ಗೇಟಿಗೆ ಕ್ಯಾಂಪಸ್ಸನ್ನೇ ಅಡ್ಡದಾರಿ ಮಾಡಿಕೊಂಡವರು, ಮಗಳನ್ನು ಇಳಿಸಿ ಹೋದ ಅಪ್ಪ, ಎಲ್ಲರೂ ಆ ಲೆಕ್ಕದಲ್ಲಿ ಸೇರಿದ್ದಾರೆ. ಬೇಕಾದದ್ದು ಸುತ್ತಾಟದ ಎಣಿಕೆ. ಕ್ಯಾಂಪಸ್ಸನ್ನು ಎಂಟೋ ಹತ್ತೋ ತುಂಡು ಮಾಡಿ, ತುಂಡಿಗೆ ಇಬ್ಬರು ವಿದ್ಯಾರ್ಥಿಗಳನ್ನು ನೇಮಿಸಿ, ಬೆಳಗ್ಗೆ 7ರಿಂದ ಸಂಜೆ 7ರವರೆಗೆ ಗಂಟೆಗೊಮ್ಮೆ ನಿಂತ ಗಾಡಿಗಳ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ ಬರೆಸಿ. ಅದೇ ನಂಬರು ಎಷ್ಟು ಸುತ್ತಿನಲ್ಲಿ ಕಾಣಿಸಿತೋ ಆ ಗಾಡಿ ಅಷ್ಟು ಗಂಟೆ ನಿಂತಿತ್ತು. ಭೂಗೋಳ ಅಥವಾ ಸಂಖ್ಯಾಶಾಸ್ತ್ರ ವಿಭಾಗ ನಿಮ್ಮಲ್ಲಿದ್ದರೆ ಎಂಎ, ಎಂಎಸ್ಸಿ ಹುಡುಗರಿಗೆ ಇದೇ ಒಂದು ಪ್ರಾಜೆಕ್ಟ್. ವಾರದ ಮಧ್ಯದ ಎರಡು ದಿನ ಮತ್ತು ಒಂದು ಶನಿವಾರ ಮಾಡಿದರೆ ಸಾಕು. ದಸರಾ ರಜೆಯ ಹಿಂದೆ ಮುಂದೆ, ಸೆಮಿಸ್ಟರ್ ಪರೀಕ್ಷೆಯ ಸಮಯದಲ್ಲಿ ಮಾಡಬೇಡಿ. ಹೊರಗಿನ ಬಡಾವಣೆಯ ಎರಡು ಮೂರು ರಸ್ತೆಗಳೂ ಲೆಕ್ಕದಲ್ಲಿರಲಿ. ಇಲ್ಲದಿದ್ದರೆ ಒಳಗೆ ಏನೇ ನಿಯಮ ತಂದರೂ ಗಾಡಿಗಳು ಕಾಂಪೌಂಡಿನಾಚೆ ಹೋಗಿ ನಿಲ್ಲುತ್ತವೆ, ನೀವು ಗೆದ್ದೆವು ಅಂದುಕೊಳ್ಳುತ್ತೀರಿ, ಆ ಮನೆಯವರು ಟ್ರಾಫಿಕ್ ಪೊಲೀಸರಿಗೆ ಫೋನ್ ಮಾಡುತ್ತಾರೆ.

ಈ ಎಣಿಕೆಯಿಂದ ಸಾಮಾನ್ಯವಾಗಿ ಹೊರಬೀಳುವ ಸಂಗತಿ ಒಂದಿದೆ. ಆಡಳಿತ ಭವನದ ಎದುರು, ಕ್ಯಾಂಟೀನಿನ ಪಕ್ಕ, ಗ್ರಂಥಾಲಯದ ಮುಂದೆ ಉಸಿರಾಡಲು ಜಾಗವಿರುವುದಿಲ್ಲ. ಅಲ್ಲಿಂದ ಐದು ನಿಮಿಷ ನಡೆದರೆ ಸಿಗುವ ಮೈದಾನದ ಬದಿಯ ಪಾರ್ಕಿಂಗ್ ಅರ್ಧ ಖಾಲಿ ಬಿದ್ದಿರುತ್ತದೆ. ಅಮೆರಿಕದ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಶೂಪ್ ಪಾರ್ಕಿಂಗ್ ಎಂಬ ಒಣ ವಿಷಯಕ್ಕೇ ಬದುಕು ಕೊಟ್ಟವರು. ಒಂದು ಜಾಗ ಶೇ 85ರಷ್ಟು ತುಂಬಿದ್ದರೆ ಅದು ಸರಿಯಾಗಿ ಬಳಕೆಯಾಗುತ್ತಿದೆ, ಅದಕ್ಕಿಂತ ಹೆಚ್ಚಾದರೆ ಜನ ಜಾಗ ಹುಡುಕುತ್ತಾ ಸುತ್ತುತ್ತಾರೆ ಎಂಬುದು ಅವರು ಜನಪ್ರಿಯಗೊಳಿಸಿದ ಅಳತೆ. ನಿಮ್ಮ ಎಣಿಕೆಯನ್ನು ತುಂಡು ತುಂಡಾಗಿ ಆ ಅಳತೆಗೆ ಹಿಡಿದು ನೋಡಿ. ಇಡೀ ಕ್ಯಾಂಪಸ್ಸಿನಲ್ಲಿ ಜಾಗವಿಲ್ಲವೋ, ನೆರಳಿನಲ್ಲಿ ಬಾಗಿಲ ಬಳಿ ಜಾಗವಿಲ್ಲವೋ ತಿಳಿಯುತ್ತದೆ. ಎರಡನೆಯದಾದರೆ ಕಾಂಕ್ರೀಟಿನ ಅಗತ್ಯವಿಲ್ಲ.

ಎರಡನೆಯ ಎಣಿಕೆ ಜನರದ್ದು. ಪ್ರಶ್ನಾವಳಿಯಲ್ಲಿ ‘ನೀವು ಸಾಮಾನ್ಯವಾಗಿ ಹೇಗೆ ಬರುತ್ತೀರಿ’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಜನ ತಾವು ಹೇಗಿರಬೇಕೆಂದು ಬಯಸುತ್ತಾರೋ ಅದನ್ನು ಹೇಳುತ್ತಾರೆ. ‘ಇವತ್ತು ಹೇಗೆ ಬಂದಿರಿ, ಎಷ್ಟು ಹೊತ್ತಿಗೆ ಬಂದಿರಿ, ಎಷ್ಟಕ್ಕೆ ಹೊರಡುತ್ತೀರಿ, ಯಾವ ಬಡಾವಣೆ ಅಥವಾ ಯಾವ ಊರಿನಿಂದ’ ಎಂದು ಕೇಳಿ. ಹೆಸರು, ಮನೆ ವಿಳಾಸ ಬೇಡ. ಉತ್ತರಗಳನ್ನು ಮ್ಯಾಪಿನ ಮೇಲೆ ಚುಕ್ಕಿ ಇಟ್ಟರೆ ಮೂರು ಗುಂಪು ಕಾಣಿಸುತ್ತದೆ. ಕ್ಯಾಂಪಸ್ಸಿನ ಸುತ್ತಲ ಎರಡು ಕಿಲೋಮೀಟರಿನೊಳಗೆ ಪಿಜಿಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಇರುವವರು. ಕುವೆಂಪುನಗರ, ವಿಜಯನಗರ, ಸಿದ್ಧಾರ್ಥನಗರದ ಹಾಗೆ ಊರೊಳಗಿನಿಂದಲೇ ಬರುವವರು. ನಂಜನಗೂಡು, ತಿ. ನರಸೀಪುರ, ಹುಣಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ ಕಡೆಯ ಊರು ಹಳ್ಳಿಗಳಿಂದ ದಿನವೂ ಬಂದು ಹೋಗುವವರು. ಈ ಮೂವರಿಗೂ ಒಂದೇ ನಿಯಮ ಹಾಕಿದರೆ ಮೂವರಿಗೂ ಅನ್ಯಾಯ.

ಇನ್ನು ನಿಷೇಧದ ಪ್ರಸ್ತಾವ. ಐಐಟಿಗಳಲ್ಲಿ ನಿಷೇಧ ಇದೆಯಲ್ಲ ಎಂದು ನಿಮ್ಮ ಸಭೆಯಲ್ಲಿ ಯಾರಾದರೂ ಖಂಡಿತ ಹೇಳುತ್ತಾರೆ. ಹೌದು, ಮದ್ರಾಸ್, ಬಾಂಬೆ ಐಐಟಿಗಳಲ್ಲಿ ವಿದ್ಯಾರ್ಥಿಗಳು ಮೋಟಾರು ಗಾಡಿ ಇಟ್ಟುಕೊಳ್ಳುವಂತಿಲ್ಲ, ಎಲ್ಲರೂ ಸೈಕಲ್ ತುಳಿಯುತ್ತಾರೆ. ಆದರೆ ಅಲ್ಲಿಯ ವಿದ್ಯಾರ್ಥಿ ಹಾಸ್ಟೆಲ್ಲಿನಿಂದ ಕ್ಲಾಸಿಗೆ ಬರುತ್ತಾನೆ. ನಿಮ್ಮವನು ಹುಲ್ಲಹಳ್ಳಿ ಕಡೆಯಿಂದ ಬರುತ್ತಿರಬಹುದು. ಹಾಸ್ಟೆಲ್ ಕ್ಯಾಂಪಸ್ಸಿನ ನಿಯಮವನ್ನು ಬಸ್ಸಿಗೆ ಕಾಯುವ ಕ್ಯಾಂಪಸ್ಸಿಗೆ ಹಾಕಿದರೆ ಮೊದಲು ಬಿಟ್ಟುಹೋಗುವುದು ಬೈಕಲ್ಲ, ಬೆಳಗಿನ ಮೊದಲ ಕ್ಲಾಸು.

ಅದರ ಬದಲು ಪರವಾನಗಿಯನ್ನು ದೂರಕ್ಕೆ ಕಟ್ಟಿಹಾಕಿ. ಹಾಸ್ಟೆಲಿನಲ್ಲಿ ಇರುವವರಿಗೆ, ಎರಡು ಕಿಲೋಮೀಟರಿನೊಳಗೆ ಇರುವವರಿಗೆ ಟೂ ವೀಲರ್ ಸ್ಟಿಕ್ಕರ್ ಇಲ್ಲ. ಅಂಗವಿಕಲರು, ಗರ್ಭಿಣಿಯರು, ವೈದ್ಯಕೀಯ ಕಾರಣ ಇರುವವರು ಹೊರತು. ನೇರ ಬಸ್ ಇಲ್ಲದ ಊರುಗಳವರಿಗೆ ಪ್ರಶ್ನೆಯೇ ಇಲ್ಲದೆ ಸ್ಟಿಕ್ಕರ್. ನಡುವಿನವರಿಗೆ ಬಸ್ ವ್ಯವಸ್ಥೆ ಸುಧಾರಿಸುವವರೆಗೆ ಕೊಡಿ, ಆಮೇಲೆ ಮರುಪರಿಶೀಲಿಸಿ. ಬೈಕ್ ಸಂಖ್ಯೆ ಹೆಚ್ಚು ಸದ್ದಿಲ್ಲದೆ ಇಳಿಯುವುದು ಮೊದಲ ಗುಂಪಿನಲ್ಲೇ. ಒಂದೂವರೆ ಕಿಲೋಮೀಟರಿಗೆ ಗಾಡಿ ತೆಗೆಯುವ ಹುಡುಗ ಸೋಮಾರಿಯೇ ಆಗಬೇಕಿಲ್ಲ, ಅವನ ದಾರಿಯಲ್ಲಿ ಫುಟ್‌ಪಾತ್ ಇಲ್ಲದಿರಬಹುದು, ಗೇಟು ಮುಚ್ಚಿರಬಹುದು.

ಇಂಟಿಗ್ರೇಟೆಡ್ ಕೋರ್ಸೋ ಪಿಯು ಕಾಲೇಜೋ ನಿಮ್ಮ ಆವರಣದಲ್ಲಿದ್ದರೆ ಹದಿನೆಂಟು ತುಂಬದವರೂ ಗಾಡಿ ತರುತ್ತಿರುತ್ತಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅಪ್ರಾಪ್ತರು ಗಾಡಿ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಸ್ಟಿಕ್ಕರ್ ಕೊಡುವಾಗ ಲೈಸೆನ್ಸ್ ಕೇಳುವ ಪದ್ಧತಿ ಇಟ್ಟರೆ ಒಂದಷ್ಟು ಗಾಡಿ ಅಲ್ಲೇ ಕಳಚುತ್ತವೆ.

ಗೇಟಿನ ಮಾತು ಬಂತಲ್ಲ, ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಇಷ್ಟು ಅಗ್ಗದ, ಇಷ್ಟು ಅಲಕ್ಷ್ಯಕ್ಕೊಳಗಾದ ಉಪಾಯ ಇನ್ನೊಂದಿಲ್ಲ. ನಮ್ಮ ಹೆಚ್ಚಿನ ಕ್ಯಾಂಪಸ್ಸುಗಳಿಗೆ ನಾಲ್ಕೈದು ಗೇಟು ಇರುತ್ತವೆ, ತೆರೆದಿರುವುದು ಒಂದು ಅಥವಾ ಎರಡು. ಭದ್ರತೆ ಕಾರಣ, ಸಿಬ್ಬಂದಿ ಕೊರತೆ ಕಾರಣ. ತೆರೆದಿರುವ ಗೇಟು ಯಾವಾಗಲೂ ಕಾರು ಬರುವ ಗೇಟು. ಬಸ್ ಸ್ಟಾಪಿನ ಎದುರಿಗಿರುವ ಪುಟ್ಟ ಗೇಟಿಗೆ ತುಕ್ಕು ಹಿಡಿದ ಬೀಗ. ಬಸ್ಸಿಳಿದ ಹುಡುಗಿ ಕಾಂಪೌಂಡಿನ ಉದ್ದಕ್ಕೂ ರಸ್ತೆಬದಿಯಲ್ಲಿ ನಡೆದು, ಮುಖ್ಯ ಗೇಟಿನಿಂದ ಒಳಬಂದು, ಮತ್ತೆ ಅಷ್ಟೇ ದೂರ ಹಿಂದಕ್ಕೆ ನಡೆದು ತನ್ನ ವಿಭಾಗ ಸೇರಬೇಕು. ನಡೆದು ಬರುವವರಿಗೆ ಒಂದು ಕಿಲೋಮೀಟರ್ ದಂಡ, ಕಾರಿನವರಿಗೆ ಸೆಲ್ಯೂಟು.

ನಿಮ್ಮ ಕ್ಯಾಂಪಸ್ ಮ್ಯಾಪಿನಲ್ಲಿ ಪ್ರತಿ ಬಸ್ ಸ್ಟಾಪು, ಪಿಜಿ ಗುಂಪು ಇರುವ ಪ್ರತಿ ಬೀದಿ ಗುರುತಿಸಿ, ಅಲ್ಲಿಂದ ತರಗತಿಗೆ ನಡೆಯುವ ಈಗಿನ ದಾರಿ ಎಷ್ಟು ಮೀಟರ್, ಗೇಟು ತೆರೆದರೆ ಎಷ್ಟು ಮೀಟರ್ ಎಂದು ಅಳೆಯಿರಿ. ನಾಲ್ಕುನೂರು ಮೀಟರ್ ಅಂದರೆ ಐದು ನಿಮಿಷದ ನಡಿಗೆ. ಅದಕ್ಕೆ ಯಾರೂ ಗೊಣಗುವುದಿಲ್ಲ. ಗಾಡಿ ನುಗ್ಗದ ಹಾಗೆ ಕಂಬ ನೆಟ್ಟ, ಗಾಲಿಕುರ್ಚಿ ಮಾತ್ರ ಹೋಗುವಷ್ಟು ತೆರಪಿರುವ ಗೇಟಿಗೆ ಬೆಳಗ್ಗೆ ಎರಡು ಗಂಟೆ, ಸಂಜೆ ಮೂರು ಗಂಟೆ ಒಬ್ಬ ಗಾರ್ಡ್ ನಿಂತರೆ ಸಾಕು. ಒಳಗಿನ ಆ ದಾರಿಗೆ ದೀಪ, ಎರಡೂ ಬದಿ ಮರ. ಏಪ್ರಿಲ್ ಬಿಸಿಲಿನಲ್ಲಿ ನೆರಳಿಲ್ಲದ ನಾಲ್ಕುನೂರು ಮೀಟರ್ ನಾಲ್ಕುನೂರಲ್ಲ. ನಿಮ್ಮ ಹೊಂಗೆ ತೋಪು ಅಂಥ ದಾರಿಯೊಂದರ ಮೇಲೇ ಬಿದ್ದರೆ ಅದರ ಬೆಲೆ ಪಾರ್ಕಿಂಗ್ ಕಟ್ಟಡಕ್ಕಿಂತ ಹೆಚ್ಚು.

ಗೇಟಿನಾಚೆಯ ರಸ್ತೆ ದಾಟುವ ಜಾಗ ನಿಮ್ಮ ಕೈಯಲ್ಲಿಲ್ಲ, ಅದು ಪಾಲಿಕೆ ಅಥವಾ ಹೆದ್ದಾರಿ ಇಲಾಖೆಗೆ ಸೇರಿದ್ದು. ಆದರೆ ಕುಲಸಚಿವರ ಸಹಿಯಿರುವ ಪತ್ರ, ಜೊತೆಗೆ ಬೆಳಗ್ಗೆ ಒಂದು ಗಂಟೆಯಲ್ಲಿ ಎಷ್ಟು ವಿದ್ಯಾರ್ಥಿಗಳು ದಾಟುತ್ತಾರೆ ಎಂಬ ಎಣಿಕೆ ಇದ್ದರೆ ಅಧಿಕಾರಿಗಳು ಓದುತ್ತಾರೆ. ಎಣಿಕೆಯಿಲ್ಲದ ಮನವಿ ಕಡತ ಸೇರುತ್ತದೆ.

ಬಸ್ಸಿನ ವಿಷಯದಲ್ಲಿ ಹೊರದೇಶದ ಪಾಠವನ್ನು ಹಾಗೇ ಎತ್ತಿ ಇಡಬೇಡಿ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ 1991ರಲ್ಲೇ ಯು-ಪಾಸ್ ಎಂಬ ಅಗ್ಗದ ಬಸ್ ಪಾಸ್ ತಂದು ಹೆಸರು ಮಾಡಿತು. ಟಿಕೆಟ್ಟಿನ ಹೊರೆ ಇಳಿಸಿದ್ದು ಅಲ್ಲಿ ಕೆಲಸ ಮಾಡಿತು. ನಮ್ಮಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ನಿಮ್ಮ ವಿದ್ಯಾರ್ಥಿನಿಯರಿಗೆ ಸಾಮಾನ್ಯ ಬಸ್ ಉಚಿತ. ಹುಡುಗರಿಗೆ ರಿಯಾಯಿತಿ ಪಾಸ್ ಇದೆ. ಹಾಗಿದ್ದರೂ ಹುಡುಗಿಯರು ಸ್ಕೂಟಿ ತರುತ್ತಿದ್ದಾರೆ ಅಂದರೆ ತೊಡಕು ದುಡ್ಡಿನದಲ್ಲ, ಹೊತ್ತಿನದು. ತುಂಬಿ ಬರುವ ಬಸ್ಸು, ಬಾಗಿಲಲ್ಲಿ ನೇತಾಡುವ ಪ್ರಯಾಣ, ಪ್ರಾಕ್ಟಿಕಲ್ ಮುಗಿದ ಮೇಲೆ ಅರ್ಧ ಗಂಟೆ ಕಾಯುವುದು, ಇಳಿದ ಮೇಲೆ ಕತ್ತಲ ರಸ್ತೆ. ಆದ್ದರಿಂದ ಕೈಯಲ್ಲಿ ದುಡ್ಡಿದ್ದರೆ ಪಾಸಿಗೆ ಸಬ್ಸಿಡಿ ಕೊಡುವುದಕ್ಕಿಂತ ಹೆಚ್ಚುವರಿ ಟ್ರಿಪ್ಪಿಗೆ ಕೊಡಿ.

ಕೆಎಸ್‌ಆರ್‌ಟಿಸಿಗೆ ಪತ್ರ ಬರೆಯುವಾಗ ‘ಬಸ್ ಹೆಚ್ಚಿಸಿ’ ಎಂದು ಬರೆಯಬೇಡಿ. ಮೈಸೂರು ನಗರ ವಿಭಾಗದ ವಿಭಾಗೀಯ ನಿಯಂತ್ರಣಾಧಿಕಾರಿಗೆ ಅದರಿಂದ ಏನೂ ಮಾಡಲಾಗುವುದಿಲ್ಲ. ನಿಮ್ಮ ಪ್ರಶ್ನಾವಳಿಯಿಂದ ತೆಗೆದ ಮೂರು ಸಾಲು ಸಾಕು: ಯಾವ ಬಡಾವಣೆಯಿಂದ, ಎಷ್ಟು ಗಂಟೆಗೆ, ಎಷ್ಟು ಜನ. ಉದಾಹರಣೆಗೆ, ನಂಜನಗೂಡು ಕಡೆಯಿಂದ ಬಂದವರು ಸಬರ್ಬನ್ ಸ್ಟ್ಯಾಂಡಿನಲ್ಲಿ ಇಳಿಯುತ್ತಾರೆ, ಅಲ್ಲಿಂದ ಸಿಟಿ ಸ್ಟ್ಯಾಂಡಿಗೆ ನಡೆದು ಹೋಗಿ ಇನ್ನೊಂದು ಬಸ್ ಹಿಡಿಯುತ್ತಾರೆ. ಪ್ರಯಾಣದಲ್ಲಿ ಸಿಟ್ಟು ಬರಿಸುವ ಭಾಗ ಇದೇ. ಸಬರ್ಬನ್ ಸ್ಟ್ಯಾಂಡಿನಿಂದಲೇ ಹೊರಟು ನೇರ ನಿಮ್ಮ ಗೇಟಿಗೆ ಬರುವ ಬೆಳಗಿನ ಎರಡು ಟ್ರಿಪ್ ಕೇಳಿ. ಸಂಜೆ ಅದೇ ಬಸ್ ವಾಪಸ್. ಹುಣಸೂರು ರಸ್ತೆ ನಿಮ್ಮ ಗೇಟಿನ ಹತ್ತಿರವಿದ್ದರೆ ಹುಣಸೂರು, ಪಿರಿಯಾಪಟ್ಟಣ ಕಡೆಯ ಬಸ್ಸುಗಳಿಗೆ ಬೆಳಗ್ಗೆ ಮಾತ್ರ ಒಂದು ಕೋರಿಕೆ ನಿಲುಗಡೆ ಕೇಳಬಹುದು. ಮೈಸೂರಿನ ಸಿಟಿ ಬಸ್ಸುಗಳಿಗೆ 2012ರಲ್ಲೇ ಜಿಪಿಎಸ್ ಹಾಕಿ, ಬಸ್ ಎಷ್ಟು ಹೊತ್ತಿಗೆ ಬರುತ್ತದೆಂದು ತೋರಿಸುವ ವ್ಯವಸ್ಥೆ ತಂದಿದ್ದರು. ದೇಶದಲ್ಲಿ ಇಂಥದ್ದನ್ನು ಮೊದಲು ಮಾಡಿದ ಊರುಗಳಲ್ಲಿ ನಮ್ಮದೂ ಒಂದು. ಅಂಥ ಇಲಾಖೆಯ ಮುಂದೆ ಅಂಕಿಯಿಲ್ಲದೆ ಹೋಗಬಾರದು.

ಮಂಡ್ಯ, ಶ್ರೀರಂಗಪಟ್ಟಣದ ವಿದ್ಯಾರ್ಥಿಗಳು, ಸಿಬ್ಬಂದಿ ಇದ್ದರೆ ಅವರದ್ದು ಬೇರೆಯೇ ಕತೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಟೂ ವೀಲರ್ ಬಿಡುವುದಿಲ್ಲ, ಸರ್ವೀಸ್ ರಸ್ತೆಯಲ್ಲೇ ಬರಬೇಕು. ಇವರಿಗೆ ರೈಲಿನ ಸೀಸನ್ ಟಿಕೆಟ್ಟು ಒಳ್ಳೆಯ ಆಯ್ಕೆ, ಕೊರತೆಯಿರುವುದು ಸ್ಟೇಷನ್ನಿನಿಂದ ಕ್ಯಾಂಪಸ್ಸಿನವರೆಗಿನ ಕೊನೆಯ ತುಂಡಿನಲ್ಲಿ. ಬೆಳಗಿನ ರೈಲಿನ ಸಮಯಕ್ಕೆ ಸರಿಯಾಗಿ ಒಂದು ವ್ಯಾನ್ ಇಟ್ಟರೆ ಆಗುತ್ತದೆ.

ವೇಳಾಪಟ್ಟಿಯೂ ಸಾರಿಗೆಯ ಸಾಧನವೇ. ಎಲ್ಲ ವಿಭಾಗಗಳೂ ಒಂದೇ ಹೊತ್ತಿಗೆ ಶುರುವಾದರೆ ಬಸ್ಸೂ ತುಂಬುತ್ತದೆ, ಗೇಟೂ ತುಂಬುತ್ತದೆ. ವಿಜ್ಞಾನ ವಿಭಾಗ ಒಂಬತ್ತಕ್ಕೆ, ಕಲಾ ವಿಭಾಗ ಹತ್ತಕ್ಕೆ ಶುರುವಾಗಲಿ. ಇದಕ್ಕೆ ಖರ್ಚಿಲ್ಲ, ಜಗಳ ಮಾತ್ರ.

ಕಾರಿನ ವಿಷಯವನ್ನು ಮೊದಲು ಇತ್ಯರ್ಥ ಮಾಡಿ ಎಂದೆನಲ್ಲ, ಅದಕ್ಕೆ ಆಧಾರವಾಗುವ ಲೆಕ್ಕವೂ ಕಟ್ಟಡದ ಪ್ರಸ್ತಾವದಲ್ಲೇ ಇದೆ. ಮಹಡಿ ಪಾರ್ಕಿಂಗಿನಲ್ಲಿ ರ‍್ಯಾಂಪು, ಕಂಬ ಎಲ್ಲ ಸೇರಿ ಕಾರೊಂದಕ್ಕೆ ಬಯಲಿಗಿಂತ ಹೆಚ್ಚು, 30 ಚದರ ಮೀಟರಿನ ಸುತ್ತಮುತ್ತ ಬೇಕಾಗುತ್ತದೆ. ಎಂಜಿನಿಯರ್ ಕೊಡುವ ಒಟ್ಟು ಅಂದಾಜನ್ನು ಕಾರುಗಳ ಸಂಖ್ಯೆಯಿಂದ ಭಾಗಿಸಿ. ಒಂದು ಕಾರಿಗೆ ಆರು ಲಕ್ಷ ಬಂತು ಎಂದಿಟ್ಟುಕೊಳ್ಳಿ. ಆ ದುಡ್ಡಿಗೆ ಶೇ 8 ಬಡ್ಡಿ ಹಿಡಿದರೆ ವರ್ಷಕ್ಕೆ 48,000 ರೂಪಾಯಿ. ವರ್ಷಕ್ಕೆ 240 ಕೆಲಸದ ದಿನ ಅಂದರೆ ದಿನಕ್ಕೆ 200 ರೂಪಾಯಿ. ದೀಪ, ಗಾರ್ಡು, ರಿಪೇರಿ ಇನ್ನೂ ಸೇರಿಸಿಲ್ಲ. ಅಂದರೆ ಕಾರಿನಲ್ಲಿ ಬರುವ ಪ್ರತಿ ಪ್ರಾಧ್ಯಾಪಕರಿಗೆ ವಿಶ್ವವಿದ್ಯಾಲಯ ದಿನಕ್ಕೆ 200 ರೂಪಾಯಿ ಭತ್ಯೆ ಕೊಟ್ಟಂತೆ, ಬಸ್ಸಿನಲ್ಲಿ ಬರುವ ಅಟೆಂಡರಿಗೆ ಸೊನ್ನೆ. ಈ ಒಂದು ಸಾಲನ್ನು ಸಭೆಯಲ್ಲಿ ಓದಿ. ನಿಮ್ಮ ಅಂದಾಜು ಬೇರೆ ಇದ್ದರೆ ಆ ಅಂಕಿ ಹಾಕಿ ಓದಿ, ವಾದ ಬದಲಾಗುವುದಿಲ್ಲ. ಇನ್ನು ತೋಪಿನ ಮರಗಳು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಮೈಸೂರಿನಲ್ಲಿ ಮರ ಕಡಿಯುವ ಸುದ್ದಿ ಗೊತ್ತಾದರೆ ಬೆಳಗಿನ ವಾಕಿಂಗಿನವರೇ ಬಂದು ಸುತ್ತುವರಿಯುತ್ತಾರೆ. ಅವರಲ್ಲಿ ಕೆಲವರು ಕಾರಿನಲ್ಲಿ ಬಂದು ಕುಕ್ಕರಹಳ್ಳಿ ಕೆರೆ ಸುತ್ತಿ ಕಾರಿನಲ್ಲೇ ಮನೆಗೆ ಹೋಗುವವರು, ಅದು ಬೇರೆ ಮಾತು.

ಹಾಗಾದರೆ ಕಾರಿಗೆ ಏನು ಮಾಡಬೇಕು? ಶುಲ್ಕ ಹಾಕಬೇಕು. ಆದರೆ ವರ್ಷದ ಪಾಸ್ ಮಾಡಬೇಡಿ. ಒಮ್ಮೆ ವರ್ಷದ ದುಡ್ಡು ಕಟ್ಟಿದವರು ‘ಕಟ್ಟಿದ್ದೇನಲ್ಲ’ ಎಂದು ದಿನವೂ ಕಾರು ತರುತ್ತಾರೆ. ದಿನದ ಲೆಕ್ಕದಲ್ಲಿ 20 ರೂಪಾಯಿ ಇಟ್ಟರೂ ಸಾಕು, ಬೆಳಗ್ಗೆ ಕೀ ಕೈಗೆತ್ತಿಕೊಳ್ಳುವಾಗ ಒಂದು ಯೋಚನೆ ಬರುತ್ತದೆ. ಮೂವರು ಒಟ್ಟಿಗೆ ಬಂದ ಕಾರಿಗೆ ಶುಲ್ಕವಿಲ್ಲ, ಬಾಗಿಲ ಬಳಿ ಜಾಗ. ಒಬ್ಬರೇ ಬಂದ ಕಾರಿಗೆ ಮೈದಾನದ ಬದಿ, ಅಲ್ಲಿಂದ ಎಲ್ಲರಂತೆ ನಡಿಗೆ. ಬಂದ ದುಡ್ಡನ್ನು ಸಾಮಾನ್ಯ ಖಾತೆಗೆ ಸೇರಿಸದೆ ಬೇರೆ ಇಟ್ಟು, ಈ ತಿಂಗಳು ಎಷ್ಟು ಬಂತು, ಯಾವ ದೀಪಕ್ಕೆ, ಯಾವ ಟ್ರಿಪ್ಪಿಗೆ ಹೋಯಿತು ಎಂದು ನೋಟಿಸ್ ಬೋರ್ಡಿಗೆ ಹಾಕಿ. ಇದಕ್ಕೆ ಸಿಂಡಿಕೇಟಿನ ಒಪ್ಪಿಗೆ ಬೇಕಾಗಬಹುದು, ನೌಕರರ ಸಂಘ ಗಲಾಟೆ ಮಾಡಬಹುದು. ಸಂಘದವರನ್ನು ಮೊದಲೇ ಸಮಿತಿಗೆ ಸೇರಿಸಿಕೊಳ್ಳಿ. ಹೆಚ್ಚಿನ ಕಡೆ ಸಂಘದ ಸದಸ್ಯರಲ್ಲಿ ಕಾರಿನವರಿಗಿಂತ ಬಸ್ಸು, ಟೂ ವೀಲರಿನವರೇ ಜಾಸ್ತಿ ಎಂಬುದನ್ನು ಯಾರೂ ಲೆಕ್ಕ ಹಾಕಿರುವುದಿಲ್ಲ.

ಇದೆಲ್ಲ ಕಾಗದದ ಮಾತಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ 2000ದಲ್ಲಿ ಹೊಸ ಕಟ್ಟಡಗಳಿಗೆ ಅನುಮತಿ ಕೊಡುವಾಗ ಅಲ್ಲಿಯ ಸ್ಥಳೀಯ ಆಡಳಿತ, ದಟ್ಟಣೆಯ ವೇಳೆಯಲ್ಲಿ ಕ್ಯಾಂಪಸ್ಸಿಗೆ ಓಡಾಡುವ ಕಾರುಗಳ ಸಂಖ್ಯೆ ಹೆಚ್ಚಕೂಡದು ಎಂಬ ಷರತ್ತು ಹಾಕಿತು. ಅವರು ಪಾರ್ಕಿಂಗ್ ಶುಲ್ಕ ಹಾಕಿದರು, ಕಾರು ಬಿಟ್ಟು ಬಂದವರಿಗೆ ದುಡ್ಡು ಕೊಟ್ಟರು, ಉಚಿತ ಬಸ್ ಓಡಿಸಿದರು. 2002ರ ಸುಮಾರಿಗೆ ಶೇ 72ರಷ್ಟು ನೌಕರರು ಒಬ್ಬೊಬ್ಬರೇ ಕಾರಿನಲ್ಲಿ ಬರುತ್ತಿದ್ದರು. ಮುಂದಿನ ವರ್ಷಗಳಲ್ಲಿ ಅದು ಶೇ 50ರ ಆಸುಪಾಸಿಗೆ ಇಳಿಯಿತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರ 2012ರಿಂದ ಹನ್ನೊಂದು ಅಥವಾ ಹೆಚ್ಚು ಪಾರ್ಕಿಂಗ್ ಜಾಗ ಒದಗಿಸುವ ಉದ್ಯೋಗದಾತರಿಂದಲೇ ತೆರಿಗೆ ವಸೂಲಿ ಮಾಡಿ ಟ್ರಾಮ್ ಮಾರ್ಗ ವಿಸ್ತರಿಸಲು ಬಳಸಿತು. ಅಷ್ಟು ದೂರ ಹೋಗಲು ನಮಗೆ ಕಾನೂನಿಲ್ಲ. ದಿನಕ್ಕೆ 20 ರೂಪಾಯಿಗೆ ಕಾನೂನು ಬೇಕಿಲ್ಲ, ಕುಲಪತಿಗಳ ಕಾರಿಗೂ ಅದೇ ನಿಯಮ ಅನ್ವಯವಾದರೆ ಸಾಕು.

ಘಟಿಕೋತ್ಸವ, ಯುವಜನೋತ್ಸವ, ಮೌಲ್ಯಮಾಪನದ ದಿನಗಳ ನೂಕುನುಗ್ಗಲನ್ನು ತೋರಿಸಿ ಯಾರಾದರೂ ಹೆಚ್ಚು ಜಾಗ ಕೇಳಿದರೆ ಒಪ್ಪಬೇಡಿ. ಜಂಬೂಸವಾರಿಯ ದಿನದ ಜನಕ್ಕೆ ಸಾಕಾಗುವಷ್ಟು ಅಗಲ ಸಯ್ಯಾಜಿರಾವ್ ರಸ್ತೆಯನ್ನು ಯಾರೂ ಮಾಡಿಸಿಲ್ಲ. ಆ ದಿನಕ್ಕೆ ಆ ದಿನದ ವ್ಯವಸ್ಥೆ ಮಾಡುತ್ತಾರೆ. ಮೈದಾನ, ಸ್ವಯಂಸೇವಕರು, ಹಗ್ಗ, ಅಷ್ಟೇ.

ಒಂದೆರಡು ಚೂರುಪಾರು. ಅಂಗವಿಕಲರ ಪಾರ್ಕಿಂಗ್ ಚೌಕ 3.6 ಮೀಟರ್ ಅಗಲ ಇರಬೇಕು, ಬಾಗಿಲಿಗೆ 30 ಮೀಟರಿನೊಳಗೆ ಇರಬೇಕು, ಅಲ್ಲಿಂದ ಮೆಟ್ಟಿಲಿಲ್ಲದ ದಾರಿ ಇರಬೇಕು. ಶುಲ್ಕ ಯಾವ ಕಾರಣಕ್ಕೂ ಬೇಡ. ಎಲೆಕ್ಟ್ರಿಕ್ ಗಾಡಿಗೆ ಚಾರ್ಜಿಂಗ್ ಕೊಡಿ. ಕೇಂದ್ರ ಸರ್ಕಾರದ ಮಾದರಿ ಕಟ್ಟಡ ಬೈಲಾಗೆ 2019ರಲ್ಲಾದ ತಿದ್ದುಪಡಿ ಪಾರ್ಕಿಂಗಿನ ಶೇ 20 ಭಾಗದಲ್ಲಿ ಅದರ ಏರ್ಪಾಡು ಬಯಸುತ್ತದೆ. ಆದರೆ ಎಲೆಕ್ಟ್ರಿಕ್ ಕಾರು ಕೂಡ 23 ಚದರ ಮೀಟರನ್ನೇ ಕೇಳುತ್ತದೆ. ಹೊಗೆ ಕಡಿಮೆಯಾಗುತ್ತದೆ, ಜಾಗವಲ್ಲ. ಸ್ಕೂಟರುಗಳ ಸಾಲಿಗೆ ಮಾಮೂಲಿ ಪ್ಲಗ್ ಪಾಯಿಂಟ್ ಹಾಕಿಸುವುದು ಕಾರಿನ ದೊಡ್ಡ ಚಾರ್ಜರಿಗಿಂತ ನಿಮ್ಮಲ್ಲಿ ಉಪಯೋಗಕ್ಕೆ ಬರುತ್ತದೆ.

ಸೈಕಲ್ಲಿಗೆ ಮೈಸೂರಿಗಿಂತ ಒಳ್ಳೆಯ ಹವೆ ಸಿಗುವುದು ಕಷ್ಟ. 2017ರ ಜೂನ್‌ನಲ್ಲಿ ನಗರದಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಸೇವೆ ಶುರುವಾದಾಗ ಸುಮಾರು 450 ಸೈಕಲ್, 48 ನಿಲ್ದಾಣ ಇದ್ದವು. ಅಂಥ ಏರ್ಪಾಡಿನಲ್ಲಿ ಸೈಕಲ್ ಕೊಳ್ಳುವುದು ಸುಲಭದ ಭಾಗ. ಪಂಕ್ಚರ್ ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟು, ಬೆಳಗ್ಗೆ ಖಾಲಿಯಾದ ಸ್ಟ್ಯಾಂಡಿಗೆ ತುಂಬಿದ ಸ್ಟ್ಯಾಂಡಿನಿಂದ ಸೈಕಲ್ ತಂದಿಡುವ ಇಬ್ಬರು ನೌಕರರಿಗೆ ತಿಂಗಳ ಸಂಬಳ ಕೊಡುವುದೇ ನಿಜವಾದ ಯೋಜನೆ. ಉನ್ನತ ಶಿಕ್ಷಣ ಸಂಸ್ಥೆಗಳನ್ನು ಅಳೆದು ಮಾನ್ಯತೆ ಕೊಡುವ ನ್ಯಾಕ್ ಮಂಡಳಿಯ ಪಟ್ಟಿಯಲ್ಲಿ ಹಸಿರು ಕ್ಯಾಂಪಸ್ ಹೆಸರಿನಡಿ ವಾಹನ ಪ್ರವೇಶ ನಿಯಂತ್ರಣ, ಸೈಕಲ್, ಬ್ಯಾಟರಿ ಗಾಡಿ, ಪಾದಚಾರಿ ದಾರಿ ಎಲ್ಲ ಬರುತ್ತವೆ. ಅದಕ್ಕೇ ಭೇಟಿಯ ವಾರದಲ್ಲಿ ಹೊಳೆಯುವ ಸೈಕಲ್ಲುಗಳು ಪ್ರತ್ಯಕ್ಷವಾಗಿ, ಫೋಟೋ ಆಗಿ, ಆಮೇಲೆ ಶೆಡ್ಡು ಸೇರುತ್ತವೆ. ನೆರಳಿರುವ, ಫ್ರೇಮಿಗೆ ಬೀಗ ಹಾಕಲು ಬರುವ ಸ್ಟ್ಯಾಂಡನ್ನು ಪ್ರತಿ ವಿಭಾಗದ ಬಾಗಿಲಿಗೇ ಕೊಟ್ಟರೆ ವಿದ್ಯಾರ್ಥಿಗಳು ತಮ್ಮ ಸೈಕಲ್ ತಾವೇ ತರುತ್ತಾರೆ. ಒಂದು ಕಾರಿನ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ.

ಕೊನೆಗೆ ನಿಮ್ಮ ಬ್ಯಾಟರಿ ಗಾಡಿ. ಗೇಟಿನಿಂದ ದೂರದ ವಿಭಾಗ ಒಂದು ಕಿಲೋಮೀಟರಿನೊಳಗಿದ್ದರೆ ನಡೆದು ಹೋಗಲು ಹನ್ನೆರಡು, ಹದಿಮೂರು ನಿಮಿಷ ಸಾಕು. ಇಪ್ಪತ್ತು ನಿಮಿಷಕ್ಕೊಮ್ಮೆ ಬರುವ, ಆರೇಳು ಜನ ಕೂರುವ ಗಾಡಿಗೆ ಕಾಯುವವರು ಕಾಯುವಷ್ಟರಲ್ಲಿ ತಲುಪಿರುತ್ತಾರೆ. ಸಾವಿರಾರು ಜನರನ್ನು ಅದು ಸಾಗಿಸಲಾರದು. ಸ್ವಲ್ಪ ದಿನದಲ್ಲಿ ಅತಿಥಿಗಳನ್ನು ಕರೆತರುವ ಗಾಡಿಯಾಗುತ್ತದೆ. ಒಂದೋ ಎರಡೋ ತರಿಸಿ, ಆದರೆ ನಡೆಯಲಾರದವರಿಗೆ ಎಂದು ಬರೆದೇ ತರಿಸಿ, ಕರೆದರೆ ಬರುವಂತೆ ಡ್ರೈವರನ ನಂಬರನ್ನು ಎಲ್ಲ ವಿಭಾಗಗಳಲ್ಲೂ ಅಂಟಿಸಿ. ರಾತ್ರಿ ಎಂಟಕ್ಕೆ ಗ್ರಂಥಾಲಯ ಮುಚ್ಚಿದ ಮೇಲೆ ಅದೇ ಗಾಡಿ ಹುಡುಗಿಯರನ್ನು ಬಸ್ ಸ್ಟಾಪಿನವರೆಗೆ ಬಿಟ್ಟು, ಬಸ್ ಬರುವವರೆಗೆ ನಿಂತಿರಲಿ. ಬಸ್ ಬಾರದ ದಿನ ಆಟೋಗೆ ಕೊಡಲು ವಾರ್ಡನ್ ಬಳಿ ಒಂದಿಷ್ಟು ದುಡ್ಡು ಇರಲಿ. ಸಂಜೆ ತಡವಾದರೆ ಹೇಗಪ್ಪಾ ಎಂಬ ಭಯಕ್ಕೇ ಎಷ್ಟೋ ಸ್ಕೂಟಿಗಳು ಬೆಳಗ್ಗೆ ಮನೆಯಿಂದ ಹೊರಡುತ್ತವೆ. ನಿಮ್ಮ ಪ್ರಶ್ನಾವಳಿಯಲ್ಲಿ ಆ ಪ್ರಶ್ನೆಯನ್ನೂ ಸೇರಿಸಿ: ‘ಸಂಜೆ ಆರರ ನಂತರ ಮನೆ ಸೇರಲು ಬೇರೆ ದಾರಿ ಇದ್ದಿದ್ದರೆ ಇವತ್ತು ಗಾಡಿ ತರುತ್ತಿದ್ದಿರಾ?’